ಮುಲ್ಲಾ ಇಲ್ಲದ ಮುಲ್ಲಾನ ಸಿನಿಮಾ

ನಾವು ಮಾಗಡಿಯಲ್ಲಿ ಬೆಳೆಯುವ ಕಾಲಕ್ಕೆ ಮುಲ್ಲಾ ನಸ್ರುದ್ದೀನ್ ನಮ್ಮ ಮನೆಯಲ್ಲಿ ಎರಡು ಭಾಷೆಗಳಲ್ಲಿ ಓಡಾಡಿಕೊಂಡಿದ್ದ. ರಾತ್ರಿ ದಾದಿಯ ಬಾಯಲ್ಲಿ ದಖನಿ ಉರ್ದು. ಮರುದಿನ ಅದೇ ಕತೆಯನ್ನು ನಾವು ಗೆಳೆಯರಿಗೆ ಒಪ್ಪಿಸುವಾಗ ನಮ್ಮ ಕಡೆಯ ಕನ್ನಡ. ಅವರು ಬದಲಿಗೆ ತೆನಾಲಿ ರಾಮಕೃಷ್ಣನನ್ನು ಕೊಡುತ್ತಿದ್ದರು. ಕತ್ತೆಯ ಮೇಲೆ ಹಿಂದುಮುಂದಾಗಿ ಕೂರುವ ಮುಲ್ಲಾನಿಗೆ ಬದಲಾಗಿ, ಹಾಲು ಕಂಡರೆ ಓಟ ಕೀಳುವ ಬೆಕ್ಕು. ಕೋಟೆಯ ಕಡೆ ಕುಳಿತು ನಡೆಸುತ್ತಿದ್ದ ಈ ವ್ಯಾಪಾರದಲ್ಲಿ ಯಾರಿಗೂ ನಷ್ಟವಾದದ್ದು ನೆನಪಿಲ್ಲ. ತೆನಾಲಿ ಅವರಿಗೆ ಊರಿನವನಂತೆಯೇ ಇದ್ದ. ವಿಜಯನಗರದ ಸಾಮಂತರಾಗಿದ್ದ ಕೆಂಪೇಗೌಡರ ವಂಶದವರು 1638ರಲ್ಲಿ ಬೆಂಗಳೂರನ್ನು ಬಿಜಾಪುರದವರಿಗೆ ಕಳೆದುಕೊಂಡ ಮೇಲೆ, 1728ರಲ್ಲಿ ಮೈಸೂರಿನವರು ಬಂದು ಗೆಲ್ಲುವ ತನಕ ಆಳಿದ ಊರಲ್ಲವೆ ನಮ್ಮದು? ಮುಲ್ಲಾ ಎಲ್ಲಿಯವನು ಎಂದು ಕೇಳಿದರೆ ದಾದಿ ಸಂತೆಯ ಕಡೆ ಕೈ ತೋರಿಸಿ, ‘ಇಲ್ಲಿಯವನೇ’ ಎನ್ನುತ್ತಿದ್ದರು.

ದಾದಿಗೆ ಬಹಳ ಇಷ್ಟವಾದದ್ದು ಹಂಡೆಯ ಕತೆ. ಮುಲ್ಲಾ ಪಕ್ಕದ ಮನೆಯಿಂದ ಹಂಡೆ ತಂದ. ಹಿಂದಿರುಗಿಸುವಾಗ ಒಳಗೊಂದು ಪುಟ್ಟ ಚೆಂಬಿಟ್ಟು, ‘ನಿಮ್ಮ ಹಂಡೆ ಮರಿ ಹಾಕಿದೆ’ ಎಂದ. ಮನೆಯವರು ಖುಷಿಯಿಂದ ಎರಡನ್ನೂ ಇಟ್ಟುಕೊಂಡರು. ಮುಂದಿನ ಸಲ ತಂದ ಹಂಡೆ ವಾಪಸು ಹೋಗಲೇ ಇಲ್ಲ. ವಿಚಾರಿಸಿದರೆ, ‘ಪಾಪ, ನಿಮ್ಮ ಹಂಡೆ ಸತ್ತುಹೋಯಿತು’ ಎಂದ. ಹಂಡೆ ಎಲ್ಲಾದರೂ ಸಾಯುತ್ತದೆಯೆ ಎಂದರೆ, ‘ಹೆತ್ತದ್ದನ್ನು ನಂಬಿದಿರಿ, ಸತ್ತದ್ದನ್ನು ನಂಬಲಾರಿರಾ?’ ಇಷ್ಟೇ ಕತೆ. ಎರಡು ನಿಮಿಷ ಸಾಕು.

ತಮ್ಮನ ಮಗಳು ಒಂದು ದಿನ ಈ ಕತೆ ಕೇಳಿ ನಕ್ಕಾದ ಮೇಲೆ, ‘ಇದರ ಕಾರ್ಟೂನ್ ಇಲ್ವಾ, ಬಡೇ ಅಬ್ಬಾ?’ ಎಂದಳು. ಜಪಾನಿನ ಹುಡುಗನ ತುಂಟತನಕ್ಕೆ ಕಾರ್ಟೂನ್ ಇದೆ, ಇಲಿ ಬೆಕ್ಕಿನ ಜಗಳಕ್ಕಿದೆ, ಮುಲ್ಲಾನಿಗೇಕೆ ಇರಬಾರದು? ಹುಡುಕಿದಾಗ ನಮಗೆ ಸಿಕ್ಕಿದ್ದು ಒಂದು ವಿಚಿತ್ರ ಚರಿತ್ರೆ. ಜಗತ್ತಿನ ದೊಡ್ಡ ಆನಿಮೇಷನ್ ಕಲಾವಿದರಲ್ಲಿ ಒಬ್ಬ ಮುಲ್ಲಾನ ಮೇಲೆ ಸಿನಿಮಾ ಮಾಡಲು ಹೊರಟು ಸುಮಾರು ಮೂವತ್ತು ವರ್ಷ ದುಡಿದ. ಕೊನೆಗೆ ಬಂದ ಸಿನಿಮಾದಲ್ಲಿ ಮುಲ್ಲಾ ಇರಲಿಲ್ಲ.

ಈ ಕತೆಯ ಒಂದು ತುದಿ ನಮ್ಮ ದೇಶದಲ್ಲೇ ಇದೆ. ಇದ್ರಿಸ್ ಶಾ ಹುಟ್ಟಿದ್ದು 1924ರಲ್ಲಿ ಶಿಮ್ಲಾದಲ್ಲಿ. ಬೆಳೆದದ್ದು ಇಂಗ್ಲೆಂಡಿನಲ್ಲಿ. ಸೂಫಿ ವಿಚಾರಗಳನ್ನು ಇಂಗ್ಲಿಷ್ ಓದುಗರಿಗೆ ತಲುಪಿಸಿದ ಲೇಖಕ. ಅವರು ಮುಲ್ಲಾನ ಕತೆಗಳನ್ನು ಒಂದರ ಹಿಂದೊಂದರಂತೆ ಪುಸ್ತಕಗಳಾಗಿ ತಂದರು. ಮೊದಲನೆಯದು 1966ರಲ್ಲಿ, ಎರಡನೆಯದು 1968ರಲ್ಲಿ, ಮತ್ತೊಂದು 1973ರಲ್ಲಿ. ಚಿತ್ರ ಬರೆದದ್ದು ರಿಚರ್ಡ್ ವಿಲಿಯಮ್ಸ್. 1933ರಲ್ಲಿ ಕೆನಡಾದ ಟೊರಾಂಟೊದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಸ್ಟುಡಿಯೋ ತೆರೆದವರು. ಪುಸ್ತಕಕ್ಕೆ ಚಿತ್ರ ಬರೆಯುತ್ತ ಬರೆಯುತ್ತ ಅವರಿಗೆ ಮುಲ್ಲಾನ ಹುಚ್ಚು ಹಿಡಿಯಿತು. ಜಾಹೀರಾತು ಚಿತ್ರಗಳಲ್ಲಿ ದುಡಿದ ಹಣವನ್ನು ಮುಲ್ಲಾನ ಪೂರ್ಣಾವಧಿ ಆನಿಮೇಷನ್ ಚಿತ್ರಕ್ಕೆ ಸುರಿಯತೊಡಗಿದರು.

ಅವರು ಆರಿಸಿಕೊಂಡ ದಾರಿ ಸುಲಭದ್ದಲ್ಲ. ಸಿನಿಮಾದ ಪರದೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಕಾರ್ಟೂನ್ ಮಾಡುವವರು ಸಾಮಾನ್ಯವಾಗಿ ಒಂದೇ ಚಿತ್ರವನ್ನು ಎರಡೆರಡು ಸಲ ಬಳಸಿ 12ರಲ್ಲಿ ಮುಗಿಸುತ್ತಾರೆ. ಟೀವಿಯವರು ಇನ್ನೂ ಕಡಿಮೆಗೆ ಇಳಿಯುತ್ತಾರೆ. ಮೈ ನಿಂತಲ್ಲೇ ನಿಂತಿರುತ್ತದೆ, ಬಾಯಿ ಮಾತ್ರ ಆಡುತ್ತದೆ. ವಿಲಿಯಮ್ಸ್ 24ಕ್ಕೆ 24 ಬರೆಯಬೇಕೆಂದರು. ನಿಮಿಷಕ್ಕೆ 1440 ಚಿತ್ರ, ಎಲ್ಲವೂ ಕೈಯಲ್ಲಿ. ಪರ್ಷಿಯಾದ ಪುಟ್ಟ ವರ್ಣಚಿತ್ರಗಳಲ್ಲಿ ಹತ್ತಿರದ್ದು ದೂರದ್ದು ಎಂಬ ಭೇದವಿಲ್ಲದೆ ಎಲ್ಲವೂ ಒಂದೇ ಗೋಡೆಯ ಮೇಲೆ ಹರಡಿಕೊಂಡಂತೆ ಕಾಣುತ್ತದಲ್ಲ, ಆ ಬಗೆಯನ್ನೇ ಅವರು ಚಲಿಸುವಂತೆ ಮಾಡಿದರು. ಅಮೆರಿಕದ ಹಳೆಯ ಆನಿಮೇಷನ್ ಗುರುಗಳಾದ ಕೆನ್ ಹ್ಯಾರಿಸ್, ಗ್ರಿಮ್ ನ್ಯಾಟ್‌ವಿಕ್, ಆರ್ಟ್ ಬ್ಯಾಬಿಟ್ ಅವರನ್ನು ಲಂಡನ್ನಿಗೆ ಕರೆಸಿ, ಆ ಮುದುಕರ ಮುಂದೆ ತಾವೂ ವಿದ್ಯಾರ್ಥಿಯಾಗಿ ಕುಳಿತರು.

1970ರ ದಶಕದ ಆರಂಭದಲ್ಲಿ ಶಾ ಕುಟುಂಬಕ್ಕೂ ವಿಲಿಯಮ್ಸರಿಗೂ ಜಗಳ ಬಂತು. ಒಂದು ಕಡೆ ಹಣಕಾಸಿನ ಲೆಕ್ಕ, ಇನ್ನೊಂದು ಕಡೆ ಹಕ್ಕಿನ ಪ್ರಶ್ನೆ. ಕತೆಗಳನ್ನು ಇಂಗ್ಲಿಷಿಗೆ ತಂದದ್ದು ತಮ್ಮ ಮನೆಯವರು, ಆದ್ದರಿಂದ ಹಕ್ಕು ತಮ್ಮದು ಎಂದು ಶಾ ಕುಟುಂಬ ಹೇಳಿತು. ಪುಸ್ತಕದಲ್ಲಿ ಇಲ್ಲದ, ತಾನೇ ಸೃಷ್ಟಿಸಿದ ಪಾತ್ರಗಳನ್ನು ಮಾತ್ರ ಇಟ್ಟುಕೊಂಡು ವಿಲಿಯಮ್ಸ್ ಹೊರಬಂದರು. ಮುಲ್ಲಾ ಹೋದ.

ಮುಲ್ಲಾ ಯಾರ ಸ್ವತ್ತು? ತುರ್ಕಿಯ ಅಕ್‌ಶೆಹಿರ್ ಊರಿನಲ್ಲಿ ಅವನದೆಂದು ಹೇಳುವ ಗೋರಿಯಿದೆ. ಸುತ್ತ ಗೋಡೆಯೇ ಇಲ್ಲದಿದ್ದರೂ ಬಾಗಿಲಿಗೆ ಭಾರೀ ಬೀಗವಿತ್ತೆಂದು ಪ್ರಸಿದ್ಧಿ. ಅಜರ್‌ಬೈಜಾನಿನ ಜಲೀಲ್ ಮಮ್ಮದ್‌ಗುಲುಜಾದೆ 1906ರಲ್ಲಿ ಅವನ ಹೆಸರಿನಲ್ಲೇ ವಿಡಂಬನೆಯ ಸಚಿತ್ರ ಪತ್ರಿಕೆ ಹೊರಡಿಸಿ, ತ್ಸಾರನನ್ನೂ ಬಿಡದೆ ನಮ್ಮ ಮೌಲ್ವಿಗಳನ್ನೂ ಬಿಡದೆ ಕುಟುಕಿದರು. 2022ರಲ್ಲಿ ಯುನೆಸ್ಕೋ ಅವನ ಕತೆ ಹೇಳುವ ಪರಂಪರೆಯನ್ನು ತನ್ನ ಪಟ್ಟಿಗೆ ಸೇರಿಸಿದಾಗ ಅರ್ಜಿ ಹಾಕಿದ್ದು ಒಂದಲ್ಲ, ಏಳು ದೇಶಗಳು. ಖಾಜಿಯಾಗಿದ್ದ ಮುಲ್ಲಾ ಫಿರ್ಯಾದಿಯ ಮಾತು ಕೇಳಿ ‘ನೀನು ಹೇಳುವುದು ಸರಿ’ ಎಂದ, ಪ್ರತಿವಾದಿಯ ಮಾತು ಕೇಳಿ ‘ನೀನು ಹೇಳುವುದೂ ಸರಿ’ ಎಂದ, ಇಬ್ಬರೂ ಹೇಗೆ ಸರಿ ಎಂದು ಹೆಂಡತಿ ಕೇಳಿದಾಗ ‘ನೀನು ಹೇಳುವುದೂ ಸರಿಯೇ’ ಎಂದ ಎಂಬ ಕತೆಯಿದೆ. ಲಂಡನ್ನಿನ ಈ ವ್ಯಾಜ್ಯ ಅವನ ಮುಂದೆಯೇ ಬರಬೇಕಿತ್ತು.

ಈಗ ವಿಲಿಯಮ್ಸರ ಕೈಯಲ್ಲಿ ಉಳಿದದ್ದೇನು? ಒಂದು ಬಂಗಾರದ ನಗರ, ಒಬ್ಬ ಕುತಂತ್ರಿ ವಜೀರ, ಮೈತುಂಬ ನೊಣ ಮುತ್ತಿಕೊಂಡ ಒಬ್ಬ ಕಳ್ಳ. ಅವರು ಒಬ್ಬ ಚಪ್ಪಲಿ ಹೊಲಿಯುವವನನ್ನೂ ಒಬ್ಬ ರಾಜಕುಮಾರಿಯನ್ನೂ ಸೇರಿಸಿ ಹೊಸ ಕತೆ ಕಟ್ಟಿದರು. ಕಳ್ಳನಿಗೂ ಮಾತಿಲ್ಲ, ಚಪ್ಪಲಿ ಹೊಲಿಯುವವನಿಗೂ ಮಾತಿಲ್ಲ. ಅವನು ಬಾಯಿ ಬಿಡುವುದು ಕೊನೆಯಲ್ಲಿ ಒಮ್ಮೆ ಮಾತ್ರ. ಮುಲ್ಲಾನ ಬಂಡವಾಳವೆಲ್ಲ ಮಾತು. ಹಂಡೆ ಹೆರುವುದನ್ನೂ ಸಾಯುವುದನ್ನೂ ಚಿತ್ರದಲ್ಲಿ ತೋರಿಸಲಾಗದು, ತೋರಿಸಿದರೆ ನಗೆಯೇ ಇಲ್ಲ. ಅಂಥ ಮಾತುಗಾರ ಎದ್ದುಹೋದ ಜಾಗದಲ್ಲಿ ಇಬ್ಬರು ಮೂಕರು ಬಂದು ಕುಳಿತರು. ಕಲೆಯ ದೃಷ್ಟಿಯಿಂದ ಇದು ವಿಲಿಯಮ್ಸರಿಗೆ ಲಾಭವೇ ಆಗಿರಬಹುದು; ಅವರ ಶಕ್ತಿ ಇದ್ದದ್ದು ರೇಖೆಯಲ್ಲಿ. ಆದರೆ ನಷ್ಟವಾದದ್ದು ಬೇರೆ ಕಡೆ.

1988ರಲ್ಲಿ ಬಂದ ‘ಹೂ ಫ್ರೇಮ್ಡ್ ರೋಜರ್ ರ್‍ಯಾಬಿಟ್’ ಚಿತ್ರದ ಆನಿಮೇಷನ್ ವಿಲಿಯಮ್ಸರಿಗೆ ಎರಡು ಆಸ್ಕರ್ ತಂದಿತು. ಆ ಹೆಸರಿನ ಬಲದಿಂದ ವಾರ್ನರ್ ಬ್ರದರ್ಸ್ ಬೆಂಬಲ ಸಿಕ್ಕಿತು. ಆದರೆ ಗಡುವಿಗೆ ಅವರೆಂದೂ ಬಗ್ಗಿದವರಲ್ಲ. 1992ರ ಮೇ ತಿಂಗಳಲ್ಲಿ, ಇನ್ನು ಸ್ವಲ್ಪವೇ ಕೆಲಸ ಬಾಕಿ ಇರುವಾಗ, ಚಿತ್ರ ಪೂರ್ಣವಾಗುವುದಕ್ಕೆ ಜಾಮೀನು ನಿಂತಿದ್ದ ಕಂಪನಿ ಚಿತ್ರವನ್ನು ಅವರ ಕೈಯಿಂದ ಕಿತ್ತುಕೊಂಡಿತು. ಅದೇ ನವೆಂಬರಿನಲ್ಲಿ ಡಿಸ್ನಿಯ ‘ಅಲ್ಲಾದೀನ್’ ಬಿಡುಗಡೆಯಾಯಿತು. ಅಲ್ಲಿಯೂ ಒಬ್ಬ ಕುತಂತ್ರಿ ವಜೀರ, ಒಬ್ಬ ರಾಜಕುಮಾರಿ, ಒಬ್ಬ ಕಳ್ಳ. ವಿಲಿಯಮ್ಸರ ಚಿತ್ರವನ್ನು ಬೇರೆಯವರು ಹಾಡು ತುರುಕಿ ಮುಗಿಸಿ 1993ರಲ್ಲಿ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ಬಿಟ್ಟರು. 1995ರಲ್ಲಿ ಅಮೆರಿಕದಲ್ಲಿ ಅದು ‘ಅರೇಬಿಯನ್ ನೈಟ್’ ಎಂಬ ಹೆಸರಿನಲ್ಲಿ ಬಂದಾಗ ಆ ಇಬ್ಬರು ಮೂಕರ ಬಾಯಿಗೂ ಎಡೆಬಿಡದ ಹರಟೆ ತುಂಬಿದ್ದರು. ಮಾತೇ ಜೀವವಾಗಿದ್ದವನನ್ನು ಹೊರಗೆ ಹಾಕಿ, ಮೌನವೇ ಜೀವವಾಗಿದ್ದವರಿಗೆ ಮಾತು ಹೊಲಿದ ಕೆಲಸ ಅದು. ವಿಲಿಯಮ್ಸ್ 2019ರಲ್ಲಿ ತೀರಿಕೊಂಡರು. 1992ರಲ್ಲಿ ನಿಂತ ಸ್ಥಿತಿಯ ಪ್ರತಿಯನ್ನು 2013ರಲ್ಲಿ ಆಸ್ಕರ್ ಅಕಾಡೆಮಿ ಗೌರವದಿಂದ ಪ್ರದರ್ಶಿಸಿತ್ತು ಎಂಬುದಷ್ಟೇ ಸಮಾಧಾನ.

ನಮಗೆ ಈ ಚರಿತ್ರೆಯಲ್ಲಿ ನೋವಾಗುವುದು ಕಲಾವಿದನ ಪಾಡಿಗಾಗಿ ಮಾತ್ರವಲ್ಲ. ಮುಲ್ಲಾ ಎದ್ದುಹೋದ ಮೇಲೆ ಉಳಿದ ಸಾಮಾನುಗಳನ್ನು ನೋಡಿ: ವಜೀರ, ಕಳ್ಳ, ಬಜಾರು, ದಂಡೆತ್ತಿ ಬರುವ ಕ್ರೂರಿಗಳು. ಪಶ್ಚಿಮದ ಪರದೆಯ ಮೇಲೆ ನಮ್ಮವರ ಊರೆಂದರೆ ಇಷ್ಟೇ. ಡಿಸ್ನಿಯ ‘ಅಲ್ಲಾದೀನ್’ ಚಿತ್ರದ ಮೊದಲ ಹಾಡಿನಲ್ಲಿ ಕಿವಿ ಕತ್ತರಿಸುವ ನಾಡು ಎಂಬರ್ಥದ ಸಾಲೊಂದಿತ್ತು. ಅಮೆರಿಕದ ಅರಬ್ ಸಂಘಟನೆ ಪ್ರತಿಭಟಿಸಿದ ಮೇಲೆ 1993ರಲ್ಲಿ ಅದನ್ನು ಬದಲಿಸಿದರು. ಒಂದು ಸಾಲು ಬದಲಿಸಬಹುದು. ಆದರೆ ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವ, ಹೆಂಡತಿಯಿಂದ ಬೈಸಿಕೊಳ್ಳುವ, ಸುಲ್ತಾನನ ಮುಂದೆ ಬಾಯಿ ಮುಚ್ಚದ, ಮಸೀದಿಯಲ್ಲೂ ನಗಿಸುವ ಒಬ್ಬ ಮುಸಲ್ಮಾನ ಆ ಪರದೆಯ ಮೇಲೆ ಬರಬೇಕಿತ್ತು, ಬರುವುದರಲ್ಲಿದ್ದ. ಅವನನ್ನು ತಡೆದದ್ದು ವೈರಿಗಳಲ್ಲ, ಅವನ ಕತೆಗಳನ್ನು ಪ್ರೀತಿಸುತ್ತಿದ್ದವರೇ.

ನಮ್ಮ ದೇಶದ ಮಾತಿಗೆ ಬಂದರೆ, ದೂರದರ್ಶನದಲ್ಲಿ ರಘುವೀರ್ ಯಾದವ್ ಮುಲ್ಲಾ ಆಗಿ ಬಂದದ್ದನ್ನು ನಮ್ಮ ವಯಸ್ಸಿನವರು ಮರೆತಿರಲಾರರು. ಅದು ಆನಿಮೇಷನ್ ಅಲ್ಲ, ಆದರೂ ಆ ಮುಖ ಕಾರ್ಟೂನಿಗೆ ಕಡಿಮೆಯದಾಗಿರಲಿಲ್ಲ. ಕೋಟೆಯ ಕಡೆಯ ನಮ್ಮ ಹಳೆಯ ಪಾಲುದಾರ ತೆನಾಲಿಗೆ ಅದೃಷ್ಟ ಖುಲಾಯಿಸಿತು. ತಿರುವನಂತಪುರದ ಟೂನ್ಸ್ ಸ್ಟುಡಿಯೋ ಮಾಡಿದ ಅವನ ಸರಣಿ 2003ರಲ್ಲಿ ಕಾರ್ಟೂನ್ ನೆಟ್‌ವರ್ಕಿನಲ್ಲಿ ಬಂತು. ಹಂಪಿಯ ಅರಸನ ಆಸ್ಥಾನದ ವಿದೂಷಕ ಮಾಗಡಿಯ ಮನೆಯ ಟೀವಿಯಲ್ಲಿ ಹಿಂದಿ ಮಾತಾಡುತ್ತಿದ್ದ! ಡಬ್ಬಿಂಗ್ ಕೂಡದೆಂದು ಕನ್ನಡ ಚಿತ್ರೋದ್ಯಮ 1960ರ ದಶಕದಿಂದ ಹಾಕಿಕೊಂಡು ಬಂದಿದ್ದ ಬೇಲಿಗೆ ಆ ಕಾಲದಲ್ಲಿ ಕಾರಣವಿತ್ತು. ಕನ್ನಡದ ಕಲಾವಿದರೂ ಕೆಲಸಗಾರರೂ ಬದುಕಬೇಕಿತ್ತು. ಆದರೆ ಆ ಬೇಲಿ ಮಕ್ಕಳ ಕಾರ್ಟೂನುಗಳಿಗೂ ತಟ್ಟಿತು. 2009ರಲ್ಲಿ ಚಿಂಟು ಟೀವಿ ಶುರುವಾದ ಮೇಲಷ್ಟೆ ನಮ್ಮ ಮಕ್ಕಳಿಗೆ ಕನ್ನಡ ಮಾತಾಡುವ ಕಾರ್ಟೂನಿನ ವಾಹಿನಿ ಸಿಕ್ಕಿದ್ದು. ಡಬ್ಬಿಂಗಿಗೆ ಅಡ್ಡಿ ಮಾಡಿದ್ದಕ್ಕೆ ಸ್ಪರ್ಧಾ ಆಯೋಗ ದಂಡ ಹಾಕಿದ್ದು 2015ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ನಗುವುದನ್ನು ಹಿಂದಿಯಲ್ಲಿ ಕಲಿತಿತ್ತು. ನಮ್ಮ ಮನೆಗಳಲ್ಲಂತೂ ದಖನಿಯೂ ಹೋಗಿ ಕನ್ನಡವೂ ಸರಿದು ಟೀವಿಯ ಹಿಂದಿ ಬಂದು ಕುಳಿತಿದೆ.

ಆದರೂ ಮುಲ್ಲಾನ ಕಾರ್ಟೂನ್ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಚೀನಾದ ಶಿಂಜಿಯಾಂಗ್ ಪ್ರಾಂತ್ಯದ ಉಯಿಗುರ್ ಮುಸ್ಲಿಮರಲ್ಲಿ ಮುಲ್ಲಾನ ಹೆಸರು ಅಫಂದಿ. ಶಾಂಘೈ ಆನಿಮೇಷನ್ ಸ್ಟುಡಿಯೋ 1979ರಲ್ಲಿ ಅವನ ಮೇಲೆ ಗೊಂಬೆಗಳ ಚಿತ್ರವೊಂದನ್ನು ಮಾಡಿತು. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫೋಟೋ ತೆಗೆಯುವುದು, ಮತ್ತೆ ಸರಿಸುವುದು, ಇದೇ ಅದರ ವಿಧಾನ. ಜನ ಮೆಚ್ಚಿದ್ದರಿಂದ 1980ರ ದಶಕದಲ್ಲಿ ಹನ್ನೆರಡಕ್ಕೂ ಹೆಚ್ಚು ಭಾಗಗಳು ಬಂದವು. ಅಲ್ಲಿ ಅಫಂದಿ ಧಣಿಗಳ ವೈರಿ, ಬಡವರ ಗೆಳೆಯ. ಸರ್ಕಾರದ ಧೋರಣೆಗೆ ಹೊಂದುವಂಥ ಮುಲ್ಲಾ ಎನ್ನಬಹುದು. ಆ ಉಯಿಗುರರು ಇವತ್ತು ಪಡುತ್ತಿರುವ ಕಷ್ಟ ಬೇರೆಯೇ ಲೇಖನ ಬೇಡುವ ವಿಷಯ. ಆದರೆ ಶಾಂಘೈಯವರು ಒಂದು ಜಾಣತನ ಮಾಡಿದರು. ಚಿಕ್ಕ ಕತೆಗಳನ್ನು ಹಿಗ್ಗಿಸಿ ದೊಡ್ಡ ಸಿನಿಮಾ ಮಾಡದೆ, ಚಿಕ್ಕವನ್ನು ಚಿಕ್ಕದಾಗಿಯೇ ಬಿಟ್ಟರು. ರಾಜಕುಮಾರಿಯ ಅಗತ್ಯ ಬೀಳಲಿಲ್ಲ. ನಮ್ಮ ನೆರೆಯ ಚನ್ನಪಟ್ಟಣದಲ್ಲಿ ಹಾಲೆ ಮರದ ಗೊಂಬೆಗಳನ್ನು ಲೇತಿಗೆ ಹಿಡಿದು ಅರಗಿನ ಬಣ್ಣ ಹಚ್ಚುವುದನ್ನು ನೋಡುವಾಗಲೆಲ್ಲ, ಅವುಗಳಿಗೆ ಕೈಕಾಲಿನ ಕೀಲು ಕೊಟ್ಟು, ತಲೆಗೊಂದು ಪೇಟ ಸುತ್ತಿದರೆ ಹೇಗಿದ್ದೀತು ಎಂದು ನಾವು ಯೋಚಿಸಿದ್ದುಂಟು.

ಆ 1979ರ ಚಿತ್ರವನ್ನು ತಮ್ಮನ ಮಗಳಿಗೆ ಫೋನಿನಲ್ಲಿ ತೋರಿಸಿದೆವು. ಎಲ್ಲ ಚೀನೀ ಭಾಷೆ, ನಮಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಅಫಂದಿ ಕತ್ತೆಯ ಜೊತೆ ಬರುತ್ತಾನೆ. ಚಿನ್ನವನ್ನು ಬಿತ್ತಿ ಬೆಳೆ ತೆಗೆಯುತ್ತೇನೆಂದು ದುರಾಸೆಯ ಧಣಿಯನ್ನು ನಂಬಿಸುತ್ತಾನೆ. ಮೊದಲು ಹೆಚ್ಚು ಚಿನ್ನ ತಂದುಕೊಡುತ್ತಾನೆ. ಧಣಿ ಇದ್ದಬದ್ದದ್ದೆಲ್ಲ ಕೊಟ್ಟ ಮೇಲೆ, ಮಳೆ ಬರಲಿಲ್ಲ, ಬೆಳೆ ಒಣಗಿತು ಎನ್ನುತ್ತಾನೆ. ನಾವು ಬಿಡಿಸಿ ಹೇಳಲು ಬಾಯಿ ತೆರೆಯುವ ಮೊದಲೇ ಹುಡುಗಿ ನಮ್ಮ ಮೊಣಕೈ ಎಳೆದು, ‘ಬಡೇ ಅಬ್ಬಾ, ಇದು ಹಂಡೆ ಸತ್ತುಹೋದ ಕತೆ!’ ಎಂದಳು.