ಸಂಜೀವಿನಿ, ಕ್ಲಬ್‌ಮಾಸ್: ಔಷಧಿ ಎಷ್ಟು, ನಂಬಿಕೆ ಎಷ್ಟು?

ಧಾರವಾಡ: ‘ಸಂಜೀವಿನಿ’ ಎಂದು ಮಾರಾಟವಾಗುವ ಒಣಗಿ ಮುದುಡಿದ ಗಿಡವು ನೀರಿಗೆ ಹಾಕಿದ ಕೆಲ ಗಂಟೆಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಸೆಲಾಜಿನೆಲ್ಲಾ ಬ್ರಯಾಪ್ಟೆರಿಸ್ ಎಂಬ ಈ ಸಸ್ಯ ಕ್ಲಬ್‌ಮಾಸ್‌ಗಳ ಬಂಧು. ಇವುಗಳಿಗೆ ಹೂವಿಲ್ಲ, ಬೀಜವಿಲ್ಲ, ಬೀಜಾಣುಗಳಿಂದಲೇ ವಂಶಾಭಿವೃದ್ಧಿ.

ಧಾರವಾಡದ ನಂಟು
ರಾಮಾಯಣದ ಸಂಜೀವಿನಿ ಯಾವುದಿರಬಹುದು ಎಂಬ ಕುರಿತು ಕೆ.ಎನ್. ಗಣೇಶಯ್ಯ, ಆರ್. ವಾಸುದೇವ ಹಾಗೂ ಆರ್. ಉಮಾಶಂಕರ್ 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಆ ಹೆಸರಿನ 17 ಸಸ್ಯಗಳನ್ನು ಜಾಲಿಸಿದಾಗ ಕೊನೆಗೆ ಉಳಿದದ್ದು ಈ ಗಿಡ ಮತ್ತು ಒಂದು ಆರ್ಕಿಡ್. ವಾಸುದೇವ ಅವರು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಶಿರಸಿ ಅರಣ್ಯ ಮಹಾವಿದ್ಯಾಲಯದವರು.

ಒಳಗಿರುವುದೇನು?
ಟ್ರೆಹಲೋಸ್ ಎಂಬ ಸಕ್ಕರೆ ಬರದಲ್ಲೂ ಗಿಡದ ಜೀವಕೋಶಗಳನ್ನು ಕಾಯುತ್ತದೆ. ಇದರ ರಸವು ಪ್ರಯೋಗಾಲಯದಲ್ಲಿ ಜೀವಕೋಶಗಳನ್ನು ಶಾಖದ ಆಘಾತದಿಂದ ರಕ್ಷಿಸಿದ್ದು 2005ರಲ್ಲಿ ವರದಿಯಾಗಿದೆ. ಆದರೆ ಇದು ರೋಗಿಗಳ ಮೇಲಿನ ಪರೀಕ್ಷೆಯಲ್ಲ.

ಮರೆವಿಗೆ ಮದ್ದೇ?
ಚೀನಾದ ಹುಪರ್ಜಿಯಾ ಸೆರಾಟಾ ಕ್ಲಬ್‌ಮಾಸ್‌ನಿಂದ 1980ರ ದಶಕದಲ್ಲಿ ಹುಪರ್ಜೀನ್-ಎ ಪ್ರತ್ಯೇಕಿಸಲಾಯಿತು. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ರಾಸಾಯನಿಕವನ್ನು ಒಡೆಯುವ ಕಿಣ್ವಕ್ಕೆ ಇದು ತಡೆಯೊಡ್ಡುತ್ತದೆ. ಅಲ್ಜೈಮರ್ ರೋಗಕ್ಕೆ ಚೀನಾದಲ್ಲಿ ಬಳಕೆಯಲ್ಲಿದೆ. ಆದರೆ 2011ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ ದಿನಕ್ಕೆರಡು ಬಾರಿ 200 ಮೈಕ್ರೋಗ್ರಾಂ ನೀಡಿದಾಗ ಸ್ಪಷ್ಟ ಪ್ರಯೋಜನ ಕಾಣಲಿಲ್ಲ.

ಎಚ್ಚರಿಕೆ
ವಾಕರಿಕೆ, ಭೇದಿ, ಹೃದಯ ಬಡಿತ ನಿಧಾನವಾಗುವುದು ಹುಪರ್ಜೀನ್‌ನ ಅಡ್ಡಪರಿಣಾಮಗಳು. ಮರೆವಿಗೆ ವೈದ್ಯರು ಕೊಡುವ ಡೊನೆಪೆಜಿಲ್ ಮಾತ್ರೆಯೂ ಇದೇ ಕಿಣ್ವವನ್ನು ತಡೆಯುವುದರಿಂದ ಎರಡನ್ನೂ ಸೇರಿಸಿ ನುಂಗುವುದು ಅಪಾಯಕಾರಿ. ಎರೆನಾಡಿನ ನವಲಗುಂದ, ಅಣ್ಣಿಗೇರಿಯಿರಲಿ, ಮಲೆನಾಡಿನ ಸೆರಗಿನ ಕಲಘಟಗಿಯಿರಲಿ, ಮನೆಯ ಹಿರಿಯರ ಮರೆವಿಗೆ ಮೊದಲು ಬೇಕಾದದ್ದು ವೈದ್ಯರ ತಪಾಸಣೆ. ಗಿಡ ನೀರಿನಲ್ಲಿ ಅರಳುವುದು ಅದರ ಸ್ವಭಾವ; ಔಷಧೀಯ ಗುಣಕ್ಕೆ ಅದು ಸಾಕ್ಷಿಯಲ್ಲ.