‘ಕಂಪನಿ’ ಎಂಬ ಮಾತಿನ ಚರಿತ್ರೆ



‘ಊಟಕ್ಕೆ ಕಂಪನಿ ಕೊಡ್ತೀಯಾ?’ ಎಂದು ನೀವು ಗೆಳೆಯರನ್ನು ಕೇಳಿರಬಹುದು. ನಿಮ್ಮ ಅಣ್ಣನೋ ಅಕ್ಕನೋ ಯಾವುದಾದರೂ ಕಂಪನಿಯಲ್ಲಿ ಕೆಲಸಕ್ಕಿರಬಹುದು. ಮನೆಯ ಹಿರಿಯರು ಕಂಪನಿ ನಾಟಕಗಳನ್ನು ನೆನೆಯುತ್ತಾರೆ. ಚರಿತ್ರೆಯ ಪಾಠದಲ್ಲಂತೂ ಈಸ್ಟ್ ಇಂಡಿಯಾ ಕಂಪನಿ ಎದುರಾಗುತ್ತದೆ. ಒಂದೇ ಇಂಗ್ಲಿಷ್ ಶಬ್ದಕ್ಕೆ ಇಷ್ಟೊಂದು ಅರ್ಥಗಳು ಹೇಗೆ ಬಂದವು?

ಶಬ್ದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಕಮ್’ ಎಂದರೆ ಜೊತೆ, ‘ಪಾನಿಸ್’ ಎಂದರೆ ರೊಟ್ಟಿ. ರೊಟ್ಟಿಯನ್ನು ಹಂಚಿಕೊಂಡು ತಿನ್ನುವವರೇ ಜೊತೆಗಾರರು. ಅವರ ಕೂಟವೇ ಕಂಪನಿ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಈ ಶಬ್ದ ಕ್ರಮೇಣ ಸೈನಿಕರ ತುಕಡಿಗೂ, ನಟರ ತಂಡಕ್ಕೂ, ವರ್ತಕರ ಸಂಘಕ್ಕೂ ಹೆಸರಾಯಿತು.

ಇಂಥ ಒಂದು ವರ್ತಕರ ಸಂಘಕ್ಕೆ 1600ರ ಡಿಸೆಂಬರ್ 31ರಂದು ಇಂಗ್ಲೆಂಡಿನ ರಾಣಿ ಎಲಿಜಬೆತ್ ಪೂರ್ವದೇಶಗಳ ವ್ಯಾಪಾರದ ಸನ್ನದು ನೀಡಿದಳು. ಸಾಂಬಾರ ಪದಾರ್ಥ, ಬಟ್ಟೆಗಳ ವ್ಯಾಪಾರಕ್ಕೆ ಬಂದವರು 1757ರಲ್ಲಿ ಪ್ಲಾಸಿಯ ಯುದ್ಧ ಗೆದ್ದರು. 1765ರಲ್ಲಿ ಬಂಗಾಳ, ಬಿಹಾರ, ಒರಿಸ್ಸಾಗಳ ಕಂದಾಯ ವಸೂಲಿಯ ಹಕ್ಕು ಅವರ ಕೈಸೇರಿತು. ಐದು ವರ್ಷಗಳಲ್ಲಿ, ಅಂದರೆ 1770ರಲ್ಲಿ, ಬಂಗಾಳದಲ್ಲಿ ಘೋರ ಕ್ಷಾಮ ತಲೆದೋರಿತು. ಜನರಲ್ಲಿ ಮೂರನೇ ಒಂದು ಭಾಗದಷ್ಟು ಸತ್ತಿರಬಹುದೆಂದು ವಾರನ್ ಹೇಸ್ಟಿಂಗ್ಸನೇ 1772ರಲ್ಲಿ ಅಂದಾಜು ಮಾಡಿದ. ಆದರೂ 1771ರ ಕಂದಾಯ ವಸೂಲಿ 1768ರದ್ದನ್ನೂ ಮೀರಿತ್ತೆಂದು ಅದೇ ಪತ್ರದಲ್ಲಿ ಬರೆದ. ನೋಡಿ, ರೊಟ್ಟಿ ಹಂಚಿಕೊಳ್ಳುವವರ ಹೆಸರು ಹೊತ್ತ ಸಂಸ್ಥೆ ಹಸಿದವರ ತುತ್ತಿಗೇ ಕೈಹಾಕಿತ್ತು!

ನಮ್ಮ ನಾಡಿಗೂ ಈ ಕಂಪನಿ ಬಂತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಪ್ರದೇಶ ಅದರ ವಶವಾಯಿತು. ಥಾಮಸ್ ಮನ್ರೊ ಅಲ್ಲಿಗೆ ಕಲೆಕ್ಟರಾಗಿ ಬಂದ. ವ್ಯಾಪಾರಿಯೇ ದೊರೆಯಾದ ಕಾರಣ ಜನ ಅದನ್ನು ‘ಕಂಪನಿ ಸರ್ಕಾರ’ ಎಂದರು. 1858ರಲ್ಲಿ ಆಡಳಿತ ಬ್ರಿಟಿಷ್ ರಾಣಿಯ ಕೈಗೆ ಹೋಯಿತು. 1874ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೇ ವಿಸರ್ಜನೆಗೊಂಡಿತು.

ಆದರೆ ಶಬ್ದ ಅಳಿಯಲಿಲ್ಲ. ಅದಾಗಿ ಹತ್ತೇ ವರ್ಷಕ್ಕೆ, 1884ರಲ್ಲಿ, ತುಮಕೂರು ಸೀಮೆಯ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರು ಅದನ್ನು ನಾಡಿಗೆಲ್ಲ ಪ್ರಸಿದ್ಧಗೊಳಿಸಿದರು. ಇಂಥ ಕಂಪನಿಗಳ ಕಲಾವಿದರು ಊರಿಂದೂರಿಗೆ ಹೋಗಿ ಬಿಡಾರ ಹೂಡುತ್ತಿದ್ದರು. ಒಟ್ಟಿಗೆ ದುಡಿದು ಒಟ್ಟಿಗೆ ಉಣ್ಣುತ್ತಿದ್ದರು. ದೊರೆತನ ಮಾಡಿದವರ ಹೆಸರನ್ನು ನಮ್ಮವರು ತಮ್ಮದಾಗಿಸಿಕೊಂಡು, ಅರಿಯದೆಯೇ ಅದರ ಹಳೆಯ ಅರ್ಥವನ್ನು ಮರಳಿ ತಂದಿದ್ದರು.

ಊಟಕ್ಕೆ ಕಂಪನಿ ಕೊಡೆಂದು ಕರೆಯುವಾಗ ನೀವು ಆಡುವುದೂ ಆ ಹಳೆಯ ಅರ್ಥವನ್ನೇ. ಶಬ್ದಗಳಲ್ಲಿ ಹೀಗೆ ಚರಿತ್ರೆ ಅಡಗಿರುತ್ತದೆ. ಮೇಲೆ ‘ಕಲೆಕ್ಟರ್’ ಎಂಬ ಮಾತು ಬಂತಲ್ಲವೇ? ಆ ಅಧಿಕಾರಿ ಕೂಡಿಸುತ್ತಿದ್ದುದು ಏನನ್ನು, ಯಾರಿಂದ? ನಿಮ್ಮ ಪಠ್ಯಪುಸ್ತಕ ತೆರೆದು ನೀವೇ ಹುಡುಕಿ ನೋಡಿ.