ತಳಕಾಡುಗೊಂಡನ ಹೊನ್ನು

ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವೇ ಪೂರ್ವದ ಸೊಸೆವೂರು, ಹೊಯ್ಸಳರ ಮೂಲಸ್ಥಾನ. ಕಾಫಿ ಇನ್ನೂ ಕಾಲಿಡದಿದ್ದ ಕಾಲದಲ್ಲಿ ಈ ಮಲೆಗಳಿಂದ ಇಳಿದುಹೋದ ವಂಶದ ವಿಷ್ಣುವರ್ಧನನು, ಸುಮಾರು 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದು, ಆ ವಿಜಯವನ್ನು ಶಿಲೆಯಲ್ಲಿ ಮಾತ್ರವಲ್ಲದೆ ಸುವರ್ಣದಲ್ಲಿಯೂ ಬರೆಯಿಸಿದನು: ಒಂದು ಪಾರ್ಶ್ವದಲ್ಲಿ ಸಿಂಹ, ಮತ್ತೊಂದರಲ್ಲಿ ಮೂರು ಪಂಕ್ತಿಗಳಲ್ಲಿ ‘ಶ್ರೀ ತಳಕಾಡುಗೊಂಡ’ ಎಂಬ ಕನ್ನಡ ಬಿರುದು.

ಸುಮಾರು ನಾಲ್ಕು ಗ್ರಾಂ ತೂಗುವ, ಗದ್ಯಾಣವೆಂಬ ಇಂತಹ ಚಿನ್ನದ ನಾಣ್ಯವು ಇಂದು ಹರಾಜಿಗೆ ಬಂದಾಗ ಅದರ ಬೆಲೆಯು ಚಿನ್ನದ ತೂಕವನ್ನಷ್ಟೇ ಅನುಸರಿಸುವುದಿಲ್ಲ. ಆ ಬಗೆಯವು ಎಷ್ಟು ಉಳಿದಿವೆ, ಅಚ್ಚು ನಡುವೆ ಬಿದ್ದು ಅಕ್ಷರಗಳು ಅಂಚಿನಲ್ಲಿ ಕತ್ತರಿಸದೆ ಪೂರ್ಣವಾಗಿ ನಿಂತಿವೆಯೇ, ಹಾರಕ್ಕೆ ಪೋಣಿಸಿದ ಬೆಸುಗೆಯ ಕಲೆಯುಂಟೇ, ಯಾವ ಸಂಗ್ರಹದಿಂದ ಬಂದಿತು ಎಂಬಿವೇ ಅದನ್ನು ಏರಿಸುತ್ತವೆ, ಇಳಿಸುತ್ತವೆ. ಅಮೆರಿಕದಲ್ಲಿಯೂ ನ್ಯಾಯವಿದೇ. 1794ರಲ್ಲಿ ಅಲ್ಲಿ ಹೊರಬಂದ ಬೆಳ್ಳಿಯ ಡಾಲರುಗಳು 1,758; ಅವುಗಳಲ್ಲಿ ಅಚ್ಚಿನ ಹೊಳಪು ಮಾಸದೆ ಉಳಿದ ಒಂದಕ್ಕೆ 2013ರಲ್ಲಿ ಒಂದು ಕೋಟಿ ಡಾಲರಿಗೂ ಮಿಗಿಲಾದ ಬೆಲೆ ಬಂದಿತು.

ಆದರೆ ನಾಣ್ಯವು ದೊರೆತ ನೆಲದ ನೆನಪು ಅಳಿದುಹೋದರೆ, ಯಾವ ಬೆಲೆಯೂ ಅದನ್ನು ಮರಳಿ ತರಲಾರದು. ಆ ನಷ್ಟವೇ ನಿಜವಾದ ನಷ್ಟ. ತೋಟದಲ್ಲಿ ಗುಂಡಿ ತೋಡುವಾಗ ಇಂತಹ ಹೊನ್ನು ಕಂಡರೆ ಉಜ್ಜಿ ತೊಳೆಯಬೇಡಿರಿ, ಕರಗಿಸಬೇಡಿರಿ. ದೊರೆತ ಸ್ಥಳವನ್ನು ಗುರುತಿಸಿಟ್ಟು ಜಿಲ್ಲಾಧಿಕಾರಿಗಳಿಗೆ ತಿಳಿಸಿರಿ.